ಸೋಮವಾರ ಮೊದಲ ಕ್ಲಾಸು: ಹಾಜರಿ ಮೊದಲಾ, ಪದ್ಯ ಮೊದಲಾ?

ಹೊಸ ಮೇಡಂ:
ಪಿಎಚ್.ಡಿ. ಎರಡನೇ ವರ್ಷ. ಗೈಡ್ ಹೇಳಿದ್ದಕ್ಕೆ ಬಿ.ಕಾಂ. ಮೊದಲ ಸೆಮಿಸ್ಟರಿನ ಕನ್ನಡ ಭಾಷಾ ಪತ್ರಿಕೆ ತಗೊಳ್ತಿದೀನಿ. 84 ಮಕ್ಕಳು, ಮೈಕ್ ಇಲ್ಲ, 11ರಿಂದ 12. ಮೊದಲ ಘಟಕದಲ್ಲಿ ಕುಮಾರವ್ಯಾಸನ ಭಾಗ ಇದೆ. ಮೊದಲ ದಿನ ಬರೀ ಪರಿಚಯ ಮಾಡಿ ಬಿಟ್ಟುಬಿಡಬೇಕಾ, ಪದ್ಯಕ್ಕೇ ಇಳಿಯಬೇಕಾ? ಪಾಠ ಮಾಡಿರೋರು ಹೇಳಿ. ಸಂಬಳದ ವಿಷಯ ಬೇಡ, ದಯವಿಟ್ಟು.

ರಿಜಿಸ್ಟರ್ ರಾಯರು:
ಪದ್ಯ ಎಲ್ಲೂ ಓಡಿಹೋಗಲ್ಲಮ್ಮ. ಹಾಜರಿ ಮೊದಲು.

ಮೊದಲ ವಾರ ಆಫೀಸಿನವರು ಕೊಡೋ ಪಟ್ಟಿಯನ್ನ ನಂಬಬೇಡಿ. ಅಡ್ಮಿಶನ್ ಇನ್ನೂ ನಡೀತಿರುತ್ತೆ. ನಾಲ್ಕು ಜನ ಟಿ.ಸಿ. ತಗೊಂಡು ಹೋಗ್ತಾರೆ, ಹಿಂದಿ ತಗೊಂಡೋರು ಕನ್ನಡಕ್ಕೆ ಬರ್ತಾರೆ, ಕನ್ನಡದೋರು ಅಂಕ ಜಾಸ್ತಿ ಬರುತ್ತೆ ಅಂತ ಸಂಸ್ಕೃತಕ್ಕೆ ಹೋಗ್ತಾರೆ. ಅದಕ್ಕೇ ಹಾಜರಿ ಪುಸ್ತಕಕ್ಕೆ ಆಗಲೇ ಪೆನ್ನು ಹಚ್ಚಬೇಡಿ. ಬೇರೆ ನೋಟ್‌ಬುಕ್ಕಲ್ಲಿ ಪೆನ್ಸಿಲಲ್ಲಿ ಹಾಕಿ, ರೋಲ್ ನಂಬರ್ ಗಟ್ಟಿಯಾದ ಮೇಲೆ ರಿಜಿಸ್ಟರಿಗೆ ಏರಿಸಿ. ಇಲ್ಲಾಂದ್ರೆ ನಡುವೆ ಒಂದು ಹೆಸರು ಬಿಟ್ಟುಹೋಗಿ ಎಲ್ಲರ ಹಾಜರಿ ಒಂದೊಂದು ಸಾಲು ಕೆಳಗಿಳಿಯುತ್ತೆ. ಅದು ಗೊತ್ತಾಗೋದು ಸೆಮಿಸ್ಟರ್ ಕೊನೆಗೆ, 75 ಪರ್ಸೆಂಟ್ ಲೆಕ್ಕ ಹಾಕುವಾಗ. ಹಾಲ್ ಟಿಕೆಟ್ ಸಿಗದ ಹುಡುಗನ ಅಪ್ಪ ಬಂದು ನಿಲ್ಲೋದು ನಿಮ್ಮೆದುರಿಗೆ, ಆಫೀಸಿನವರ ಎದುರಿಗಲ್ಲ.

84 ಹೆಸರು ಕೂಗೋಕೆ ಹತ್ತು ನಿಮಿಷ ಬೇಕು, ನಂಬರ್ ಆದ್ರೆ ನಾಲ್ಕು. ಮೊದಲ ದಿನ ಹೆಸರೇ ಕೂಗಿ, ಉಚ್ಚಾರ ತಪ್ಪಾದ್ರೆ ಪಕ್ಕದಲ್ಲಿ ಗುರುತು ಮಾಡ್ಕೊಳ್ಳಿ. ಹಾಳೆ ಹರಿಬಿಟ್ಟು ಸಹಿ ಹಾಕಿಸೋ ಬುದ್ಧಿವಂತಿಕೆ ಬೇಡ. 84 ಜನರ ಕ್ಲಾಸಲ್ಲಿ 91 ಸಹಿ ಬರುತ್ತೆ. ಆಮೇಲೆ ಸಿಲೆಬಸ್ಸು, ಆಂತರಿಕ ಅಂಕ ಯಾವುದಕ್ಕೆ ಎಷ್ಟು, ಪುಸ್ತಕ ಎಲ್ಲಿ ಸಿಗುತ್ತೆ ಅಂತ ಹೇಳಿ. ಅಷ್ಟರಲ್ಲಿ ಬೆಲ್ಲು ಹೊಡೆಯುತ್ತೆ.

ಗದಗಿನಾಂವ:
ರಾಯರ, ಬೆಲ್ಲು ಹೊಡೀತೈತಿ ಖರೆ, ಹುಡುಗೂರು ಮರುದಿನ ಬರಬೇಕಲ್ರಿ?

ಮೇಡಂ, ಪದ್ಯಾನ ಓದ್ರಿ. ಪಠ್ಯದಾಗಿಂದು ಬ್ಯಾಡ, ಕುಮಾರವ್ಯಾಸಂದ 'ವೇದಪುರುಷನ ಸುತನ ಸುತನ' ತಗೋರಿ, ಮಂದಿ ಹೆಸರ ಹೇಳದ ಬರೇ ಸಂಬಂಧ ಹೇಳಿ ಕೃಷ್ಣನ ತನಕ ಹೋಗೂ ಒಗಟಿನ ಪದ್ಯ. ಬೋರ್ಡಿನ ಎಡಕ್ಕ ಆರು ಸಾಲು ಬರೀರಿ, ಬಲಕ್ಕ ಅರ್ಧ ಬೋರ್ಡು ಖಾಲಿ ಬಿಡ್ರಿ. ಓದುವಾಗ ಸಾಲಿನ ಕೊನಿಗೆ ನಿಲ್ಲಬ್ಯಾಡ್ರಿ. ಒಂದನೇ ಸಾಲು 'ಸ'ಕ್ಕ ಮುಗಿತೈತಿ, ಎರಡನೇದು 'ಹೋದರನ' ಅಂತ ಸುರು ಆಗ್ತೈತಿ. ಅಲ್ಲಿ ನಿಂತ್ರ ಸಹೋದರ ಎರಡು ತುಂಡು. ಹಂಗ ಎರಡನೇದರ ಕೊನಿಗೆ 'ತ', ಮೂರನೇದರ ಮೊದಲಿಗೆ 'ಳೋದರಿಯ'.

ಆಮ್ಯಾಲೆ ಬಲಕ್ಕ ವಂಶಾವಳಿ. ನಾರಾಯಣ, ಅವನ ಮಗ ಬ್ರಹ್ಮ, ಬ್ರಹ್ಮನ ಮಗ ನಾರದ, ನಾರದನ ಅಣ್ಣತಮ್ಮ ಮರೀಚಿ, ಮರೀಚಿ ಮೊಮ್ಮಗ ಇಂದ್ರ, ಇಂದ್ರನ ಮಗ ಅರ್ಜುನ, ಅವನ ಹೆಂಡತಿ ಸುಭದ್ರೆ, ಆಕಿ ಸೋದರಮಾವ ಕಂಸ, ಕಂಸನ ಹೆಣ್ಣು ಕೊಟ್ಟ ಮಾವ ಜರಾಸಂಧ, ಅವನ್ನ ಕಾದಿ ಗೆದ್ದಾಂವ ಭೀಮ, ಭೀಮನ ಅಣ್ಣ ಧರ್ಮರಾಯ, ಅವರವ್ವ ಕುಂತಿ, ಕುಂತಿ ನಾದಿನಿ ದೇವಕಿ, ಆಕಿ ಹೊಟ್ಟ್ಯಾಗ ಹುಟ್ಟಿದಾಂವ ಕೃಷ್ಣ. ನಾರಾಯಣನಿಂದ ಹೊಂಟು ನಾರಾಯಣನ ಹತ್ರಾನ ಬಂತು. 14 ಹೆಸರು. ನೀವು ಹೇಳಬ್ಯಾಡ್ರಿ, ಅವರ ಕಡಿಂದ ಹೇಳಸ್ರಿ. ಮರೀಚಿಯಿಂದ ಇಂದ್ರಗ ಹೋಗೂ ಮುಂದ ಎಲ್ಲಾರೂ ಸಿಗಿಬೀಳ್ತಾರ, ಯಾಕಂದ್ರ ನಡುವಿನ ಕಶ್ಯಪಗ ಪದ್ಯದಾಗ ಬ್ಯಾರೆ ಪದಾನ ಇಲ್ಲ. ಅದೊಂದು ನೀವ ಕೊಡ್ರಿ. ಭೀಮನ ಮುಂದಿಂದು ಅವರ ಓಡಸ್ತಾರ. ಒಟ್ಟು 25 ನಿಮಿಷ.

ಚಾಕ್‌ಪೀಸ್:
ಗದಗಿನ ಸರ್ ಈ ಒಂದು ಪದ್ಯ ಹಿಡ್ಕೊಂಡು ಸೆಮಿಸ್ಟರ್ ಪೂರ್ತಿ ಓಡಿಸ್ತಾರೆ ಅನ್ಸುತ್ತೆ. ಅದು ಒಗಟು. ಬಿಡಿಸಿದ ಮೇಲೆ ಪದ್ಯದ ಕಡೆ ಯಾರೂ ತಿರುಗಿ ನೋಡಲ್ಲ. ಮರುದಿನ ಪಠ್ಯದ ಭಾಗಕ್ಕೆ ಬಂದ್ರೆ "ಇವತ್ತು ಒಗಟಿಲ್ವಾ ಮೇಡಂ?" ಅಂತಾರೆ. ಇನ್ನು ಹಿಂದಿನ ಬೆಂಚಲ್ಲಿ ಮೊಬೈಲ್ ಇದ್ದರೆ ನಿಮ್ಮ 14 ಹೆಸರೂ ಅರ್ಧ ನಿಮಿಷದಲ್ಲಿ ಸಿಗುತ್ತೆ.

ಬಿ.ಕಾಂ. ಕ್ಲಾಸಲ್ಲಿ ನಿಜವಾದ ತೊಂದರೆ ಬೇರೆ. ಇಂಗ್ಲಿಷ್ ಮೀಡಿಯಮ್ಮಿಂದ ಬಂದೋರು ಕನ್ನಡ ಮಾತಾಡ್ತಾರೆ, ಓದೋಕೆ ತಡವರಿಸ್ತಾರೆ. ಮೊದಲ ದಿನ ಒಬ್ಬೊಬ್ಬರನ್ನೇ ಎಬ್ಬಿಸಿ ಓದಿಸಿದ್ರೆ ಎಡವಿದವರು ವಾರಗಟ್ಟಲೆ ಕ್ಲಾಸಿಗೆ ಬರಲ್ಲ. ಸಾಲುಸಾಲಾಗಿ ಓದಿಸಿ. ಎಡಗಡೆ ಬೆಂಚಿನವರು ಒಂದು ಸಾಲು, ಬಲಗಡೆಯವರು ಇನ್ನೊಂದು. ಯಾರಿಗೆ ಬರಲ್ಲ ಅನ್ನೋದು ಬಾಯಿ ನೋಡಿದ್ರೆ ನಿಮಗೆ ಗೊತ್ತಾಗುತ್ತೆ, ಪಕ್ಕದವರಿಗೆ ಗೊತ್ತಾಗಲ್ಲ. ಪದ್ಯ ಪಠ್ಯದ್ದೇ ಇರಲಿ, ಒಂದೇ ಒಂದು ಸಾಕು.

ಬೋರ್ಡಲ್ಲಿ ಅಕ್ಷರ ಹೇಗಿರಬೇಕು ಅಂತ ಯಾರೂ ಹೇಳಿಲ್ಲ. ಅಕ್ಷರ ನಾಲ್ಕು ಬೆರಳು ಎತ್ತರ ಇರಬೇಕು. ಎರಡು ಸಾಲಿನ ನಡುವೆ ಅಷ್ಟೇ ಜಾಗ ಬಿಡಿ, ಇಲ್ಲಾಂದ್ರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ತಾಗುತ್ತೆ, ಕೊನೇ ಬೆಂಚಿಗೆ ಎರಡೂ ಕಾಣಲ್ಲ. ಬೋರ್ಡಿನ ಕೆಳಗಿನ ಕಾಲುಭಾಗ ಮುಟ್ಟಬೇಡಿ, ಮುಂದಿನವರ ತಲೆ ಅಡ್ಡ ಬರುತ್ತೆ. ಚಾಕ್ ಕಿರುಗುಟ್ಟಿದರೆ ಅರ್ಧಕ್ಕೆ ಮುರೀರಿ. ಹತ್ತು ಗಂಟೆಗೇ ಆ ಕೋಣೆಗೆ ಹೋಗಿ ಕೊನೇ ಬೆಂಚಲ್ಲಿ ಕೂತು ನೋಡಿ. ಕಿಟಕಿ ಬೆಳಕಿಗೆ ಬೋರ್ಡಿನ ಒಂದು ಮೂಲೆ ಹೊಳೀತಿದ್ರೆ ಆ ಕಡೆ ಬರೀಬೇಡಿ. ಡಸ್ಟರ್ ನೀವೇ ತಗೊಂಡು ಹೋಗಿ.

ಅತಿಥಿ:
ಸಂಬಳದ ವಿಷಯ ಬೇಡ ಅಂದ್ರೆ ಹೆಂಗೆ ಮೇಡಂ? 2023ರ ಜನವರಿಯಿಂದ ಜೆಆರ್‌ಎಫ್ (ಸಂಶೋಧನೆ ಮಾಡೋರಿಗೆ ಕೊಡೋ ಫೆಲೋಶಿಪ್) ತಿಂಗಳಿಗೆ 37,000. ಅದು ಬರೋರು ಗೈಡ್ ಹೇಳಿದ್ರು ಅಂತ ಪುಕ್ಕಟೆ ಕ್ಲಾಸ್ ತಗೊಂಡ್ರೆ ಆ ಗಂಟೆಗಳು ಯಾರ ಕಾರ್ಯಭಾರದಿಂದ ಹೋಗುತ್ತೆ? ನಮ್ಮಂಥ ಅತಿಥಿ ಉಪನ್ಯಾಸಕರದ್ದರಿಂದ. ಗಂಟೆ ಕಡಿಮೆಯಾದ್ರೆ ಗೌರವಧನವೂ ಕಡಿಮೆ. ಯುಜಿಸಿ ಲೆಕ್ಕದಲ್ಲಿ ಕಾಯಂ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ. ಅವರ ಟೈಂಟೇಬಲ್ ತುಂಬಿದ ಮೇಲೆ ಉಳಿದಿದ್ದಷ್ಟೇ ನಮಗೆ, ಈಗ ಅದಕ್ಕೂ ಕೈ ಹಾಕಿದೀರಿ. ಕ್ಲಾಸ್ ತಗೊಳ್ಳೋ ಮೊದಲು ಲಿಖಿತ ಆದೇಶ ಕೇಳಿ. ದಿನಾಂಕ, ಪತ್ರಿಕೆ, ವಾರಕ್ಕೆ ಎಷ್ಟು ಗಂಟೆ, ಪ್ರಾಂಶುಪಾಲರ ಸಹಿ, ಸೀಲು, ಎಲ್ಲಾ ಇರಬೇಕು. ಇಲ್ಲಾಂದ್ರೆ ಮುಂದೆ ಅನುಭವ ಪ್ರಮಾಣಪತ್ರ ಕೇಳಿದಾಗ "ನೀವು ಇಲ್ಲಿ ಪಾಠ ಮಾಡಿದ್ದಕ್ಕೆ ದಾಖಲೆ ಎಲ್ಲಿದೆ?" ಅಂತಾರೆ. ಉಪಕಾರದ ಕ್ಲಾಸಿಗೆ ದಾಖಲೆ ಇರಲ್ಲ.

ಚಾಕ್‌ಪೀಸ್:
ಅವರು ಜೆಆರ್‌ಎಫ್ ಅಂತ ಎಲ್ಲಿ ಹೇಳಿದ್ರು? ಫೆಲೋಶಿಪ್ಪೇ ಇಲ್ಲದೆ ಪಿಎಚ್.ಡಿ. ಮಾಡೋರು ಎಷ್ಟಿಲ್ಲ. ನಿಮ್ಮ ಸಿಟ್ಟು ಸರಿ, ತೀರಿಸಿಕೊಳ್ಳೋ ಜಾಗ ಇದಲ್ಲ.

ಅತಿಥಿ:
ಕಾಯಂ ಇರೋರಿಗೆ ಯಾವ ಜಾಗವೂ ಸರಿ ಕಾಣಲ್ಲ.

ನೋಟ್ಸ್ ಕೊಡಿ:
ಪದ್ಯ, ವಂಶಾವಳಿ ಎಲ್ಲಾ ಸರಿ. ಬಿ.ಕಾಂ. ಮಕ್ಕಳಿಗೆ ಕನ್ನಡದಲ್ಲಿ ಬೇಕಾಗಿರೋದು ಪಾಸು. ಅಕೌಂಟ್ಸ್ ಟ್ಯೂಷನ್ನಿಗೆ ಸಂಜೆ ಓಡೋ ಹುಡುಗರು ಕುಮಾರವ್ಯಾಸನ ಪ್ರಾಸ ಕೇಳ್ತಾ ಕೂರಲ್ಲ. ಮೊದಲ ದಿನವೇ ಹಳೇ ಪ್ರಶ್ನೆಪತ್ರಿಕೆ ತೋರಿಸಿ, ಎಷ್ಟು ಅಂಕದ ಪ್ರಶ್ನೆಗೆ ಎಷ್ಟು ಬರೀಬೇಕು ಅಂತ ಹೇಳಿ. 84 ಜನಕ್ಕೆ ಎರಡೆರಡು ಪುಟದ ಜೆರಾಕ್ಸ್ ಅಂದ್ರೆ 168 ಪುಟ. ಪುಟಕ್ಕೆ ಒಂದೂವರೆ ಹಾಕಿದ್ರೂ 252 ರೂಪಾಯಿ ನಿಮ್ಮ ಕೈಯಿಂದ, ಪ್ರತಿ ಪಾಠಕ್ಕೂ. ಕ್ಲಾಸ್ ರೆಪ್ರೆಸೆಂಟೇಟಿವ್ ಕೈಗೆ ಒಂದು ಪ್ರತಿ ಕೊಡಿ, ಅವರೇ ಮಾಡಿಸ್ಕೊಳ್ಳಲಿ. ಡಿಕ್ಟೇಶನ್ ಕೊಡೋದಾದ್ರೆ ನೋಟ್‌ಬುಕ್ಕಿನ ಒಂದು ಪುಟಕ್ಕೆ ಹತ್ತು-ಹನ್ನೆರಡು ನಿಮಿಷ ಹಿಡಿಯುತ್ತೆ. ಒಂದು ಪುಟಕ್ಕಿಂತ ಜಾಸ್ತಿ ಬೇಡ, ಎರಡನೇ ಪುಟಕ್ಕೆ ಅಕ್ಷರ ಕೋಳಿಕಾಲಾಗುತ್ತೆ.

ಗದಗಿನಾಂವ:
ಪಾಸು ಆಗಾಕ ಗೈಡು ಅಂಗಡ್ಯಾಗ ಸಿಗ್ತಾವ. ನೋಟ್ಸ್ ಬರಸಾಕ ಮೇಡಂ ಯಾಕ ಬೇಕ್ರಿ?

ನೋಟ್ಸ್ ಕೊಡಿ:
ಗೈಡಲ್ಲಿ ತಪ್ಪಿರುತ್ತೆ ಸರ್, ಅದಕ್ಕೇ ಬೇಕು. ಫಲಿತಾಂಶ ಬಂದಾಗ ಕನ್ನಡದಲ್ಲಿ ಇಷ್ಟು ಜನ ಯಾಕೆ ಫೇಲು ಅಂತ ಪ್ರಾಂಶುಪಾಲರು ಕೇಳೋದು ಗಮಕ ಹಾಡಿದವರನ್ನಲ್ಲ, ಪತ್ರಿಕೆ ತಗೊಂಡವರನ್ನ.

ಮಾತ್ರೆಗಣ:
ಗಮಕವೂ ಬೇಡ, ನೋಟ್ಸೂ ಬೇಡ. ಪ್ರಸ್ತಾರ ಹಾಕಿಸಿ, ಅಂದ್ರೆ ಅಕ್ಷರಕ್ಕೆ ಲಘು (1 ಮಾತ್ರೆ), ಗುರು (2 ಮಾತ್ರೆ) ಗುರುತು ಹಾಕಿ ಎಣಿಸೋದು. ಈ ಪದ್ಯದ ಛಂದಸ್ಸು ಭಾಮಿನಿ ಷಟ್ಪದಿ, ಅದು ಹೈಸ್ಕೂಲಲ್ಲೇ ಆಗಿರುತ್ತೆ, ಹಾಗಾಗಿ ಗೊತ್ತಿರೋದರಿಂದ ಶುರು ಮಾಡಿದ ಹಾಗಾಗುತ್ತೆ, ಬಿ.ಕಾಂ. ಮಕ್ಕಳಿಗೆ ಲೆಕ್ಕ ಅಂದ್ರೆ ಭಯವೂ ಇಲ್ಲ. 1, 2, 4, 5ನೇ ಸಾಲು 3+4+3+4, ಅಂದ್ರೆ 14 ಮಾತ್ರೆ. 3 ಮತ್ತು 6ನೇ ಸಾಲು 3+4+3+4+3+4, ಮೇಲೊಂದು ಅಕ್ಷರ, 22. ಒಟ್ಟು 100.

ಚಾಕ್‌ಪೀಸ್:
102. ಮೂರು ಮತ್ತು ಆರನೇ ಸಾಲಿನ ಕೊನೇ ಅಕ್ಷರ ಹ್ರಸ್ವ ಇದ್ದರೂ ಗುರು ಅಂತಲೇ ಎಣಿಸಬೇಕು. 21ಕ್ಕೆ 2 ಸೇರಿದರೆ 23.

ಮಾತ್ರೆಗಣ:
ಅದು ಲಘು ಅಕ್ಷರ. ಈ ಪದ್ಯದ ಮೂರನೇ ಸಾಲು ಮುಗಿಯೋ 'ಭುಜಬಲದಿ' ಅನ್ನೋದರ 'ದಿ' ಯಾವ ಸೂತ್ರಕ್ಕೆ ಗುರು?

ಚಾಕ್‌ಪೀಸ್:
ಷಟ್ಪದಿಯ ಲಕ್ಷಣಕ್ಕೆ. ಇದನ್ನ ಬೋರ್ಡ್ ಮೇಲೆ 100 ಅಂತ ಬರೆದರೆ ಹತ್ತನೇ ಕ್ಲಾಸಲ್ಲಿ ಚೆನ್ನಾಗಿ ಓದಿರೋ ಹುಡುಗಿ ಮುಂದಿನ ಬೆಂಚಿಂದಲೇ ಕೈ ಎತ್ತುತ್ತಾಳೆ. ಹೊಸಬರಿಗೆ ಹೇಳಿಕೊಡೋವಾಗ ನೋಡಿ ಹೇಳಿ.

ರಿಜಿಸ್ಟರ್ ರಾಯರು:
ನೂರೋ ನೂರೆರಡೋ, ಹಾಜರಿ ತಗೊಂಡ್ರಾ?

ಹೊಸ ಮೇಡಂ:
ಎಲ್ಲರಿಗೂ ವಂದನೆಗಳು. ಫೆಲೋಶಿಪ್ ನನಗಿಲ್ಲ. ಆದೇಶದ ಪ್ರತಿ ಕೇಳಿದ್ದೀನಿ, "ಆಮೇಲೆ ನೋಡೋಣ" ಅಂದ್ರು. ಹೆಸರು ಕೂಗಿ, ಪೆನ್ಸಿಲಲ್ಲಿ ಹಾಕಿ, ಗದಗಿನ ಸರ್ ಹೇಳಿದ ಪದ್ಯದ ಮೊದಲ ಮೂರು ಸಾಲನ್ನಷ್ಟೇ ಗುಂಪಲ್ಲಿ ಓದಿಸೋಣ ಅಂದ್ಕೊಂಡಿದೀನಿ.

ಅತಿಥಿ:
"ಆಮೇಲೆ ನೋಡೋಣ" ಅಂದ್ರಾ? ಕೇಳಿದ ದಿನಾಂಕ ಬರೆದು ಇಟ್ಕೊಳ್ಳಿ. ಮನವಿಯ ಇನ್ನೊಂದು ಪ್ರತಿಗೆ ಆಫೀಸಲ್ಲಿ ಸ್ವೀಕೃತಿ ಸೀಲು ಹಾಕಿಸಿ.

ಗದಗಿನಾಂವ:
ಮೂರು ಸಾಲಿಗೆ ನಿಲ್ಲಿಸಿದ್ರ ಕಥಿ ಜರಾಸಂಧನ ಹತ್ರ ನಿಲ್ತೈತಿ ಮೇಡಂ, ಕೃಷ್ಣ ಬರಂಗಿಲ್ಲ. ಆರೂ ಬರೀರಿ. ಮತ್ತ ಕೊನೀ ಸಾಲಿನಾಗ 'ವೀರನಾರಯಣ' ಅಂತ 'ರ' ಹ್ರಸ್ವಾನ ಬರೀರಿ. ಕೈ ತನ್ನಷ್ಟಕ್ಕ ತಾನ 'ನಾರಾಯಣ' ಅಂತ ದೀರ್ಘ ಬರಿತೈತಿ. ಬರದ್ರ ನಾಲ್ಕರ ಗಣಕ್ಕ ಐದು ಮಾತ್ರೆ ಆಗಿ ಓದೂ ಮುಂದ ಅಲ್ಲೇ ಮುಗ್ಗರಸ್ತದ. ಯಾರರೆ "ಸ್ಪೆಲಿಂಗ್ ತಪ್ಪಾಗೈತಿ" ಅಂದ್ರ ಅವರ ಕಡಿಂದನ ಎರಡೂ ಥರ ಓದಿಸಿ ಮಾತ್ರೆ ಎಣಸ್ರಿ.

ಮಾತ್ರೆಗಣ:
ಕೊನೇ 'ಣ'ವನ್ನೂ ಎಣಿಸಲಿ, ಗುರುವೋ ಲಘುವೋ ಗೊತ್ತಾಗುತ್ತೆ.

ಚಾಕ್‌ಪೀಸ್:
ಗುರು.