‘ಎ ವೀಕ್ ಇನ್ ವಿಂಟರ್’: ಅರ್ಧಕ್ಕೆ ಬಿಡುವುದೋ, ಮುಗಿಸುವುದೋ?

ಪುಟಗುರುತು:
ಮೇವ್ ಬಿಂಚಿಯವರ ಈ ಕಾದಂಬರಿ (2012) ಓದಿದವರಿಗೆ ಒಂದು ಪ್ರಶ್ನೆ. ಐರ್ಲೆಂಡಿನ ಪಶ್ಚಿಮ ಕರಾವಳಿ, ಕಡಲ ಎದುರಿನ ಹಳೆಯ ಮನೆ ಸ್ಟೋನ್ ಹೌಸ್, ಅದನ್ನು ಹೋಟೆಲ್ ಮಾಡುವ ಚಿಕಿ ಸ್ಟಾರ್, ಚಳಿಗಾಲದ ಒಂದು ವಾರಕ್ಕೆ ಬರುವ ಅತಿಥಿಗಳು. ಇಷ್ಟು ಕೇಳಿದರೆ ಎಲ್ಲರೂ ಒಂದೇ ಸೂರಿನಡಿ ಸೇರಿ ನಡೆಯುವ ಕಥೆ ಅನಿಸುತ್ತದೆ. ಆದರೆ ಮೊದಲ ಮೂರು ಅಧ್ಯಾಯ ಚಿಕಿ, ರಿಗ್ಗರ್, ಓರ್ಲಾ, ಅಂದರೆ ಹೋಟೆಲ್ ನಡೆಸುವವರದ್ದೇ. ಆಮೇಲೆ ಒಬ್ಬೊಬ್ಬ ಅತಿಥಿ ಬಂದಾಗಲೂ ಕಥೆ ಮತ್ತೆ ವರ್ಷಗಟ್ಟಲೆ ಹಿಂದಕ್ಕೆ ಓಡುತ್ತದೆ. ಹೆಸರುಗಳು ಕಲಸಿಹೋಗುತ್ತವೆ. ಮುಂದೆ ಎಲ್ಲ ಎಳೆಗಳೂ ಒಂದಾಗುತ್ತವೆಯೇ? ಕೊನೆಯ ಗುಟ್ಟು ಬಿಡದೆ ಹೇಳಿ.

ಕಿಟಕಿಪಕ್ಕ:
ಒಂದಾಗುವುದಿಲ್ಲ. ಆ ನಿರೀಕ್ಷೆ ಬಿಟ್ಟರೆ ಪುಸ್ತಕ ಸಲೀಸಾಗಿ ಸಾಗುತ್ತದೆ. ಇದನ್ನು ಒಂದೇ ಬಾಗಿಲಿಗೆ ಬಂದು ನಿಲ್ಲುವ ನೀಳ್ಗತೆಗಳ ಸರಮಾಲೆ ಅಂದುಕೊಂಡು ಓದಿ. ಪ್ರತಿ ಅಧ್ಯಾಯದ ಹೆಚ್ಚಿನ ಪಾಲು ಅತಿಥಿ ಹೊರಡುವುದಕ್ಕೆ ಮುಂಚಿನ ಬದುಕು. ಹೋಟೆಲಿನ ವಾರ ಬರುವುದು ಕೊನೆಯ ಪಾಲಿನಲ್ಲಿ. ಹಾಗಾಗಿ ಅಧ್ಯಾಯದ ನಡುವೆ ಪುಸ್ತಕ ಮುಚ್ಚಿಟ್ಟರೆ ನಷ್ಟ ನಿಮ್ಮದೇ. ನಾಲ್ಕು ದಿನ ಬಿಟ್ಟು ತೆಗೆದಾಗ ಆ ವ್ಯಕ್ತಿ ಯಾವ ಗಾಯ ಹೊತ್ತು ಬಂದ ಅನ್ನುವುದೇ ಮರೆತಿರುತ್ತದೆ, ಆಗ ಅವನು ಬದಲಾದದ್ದು ಸಪ್ಪೆ ಅನಿಸುತ್ತದೆ. ಒಂದು ಕೂರಿಕೆಗೆ ಒಂದು ಅಧ್ಯಾಯ ಅಂತ ಇಟ್ಟುಕೊಳ್ಳಿ.

ಹೆಸರುಗಳಿಗೆ ಒಂದು ಚೀಟಿ ಸಾಕು. ಅಧ್ಯಾಯದ ತಲೆಬರಹವೇ ವ್ಯಕ್ತಿಯ ಹೆಸರು. ಅದರ ಮುಂದೆ ‘ಯಾಕೆ ಬಂದ’ ಅಂತ ಒಂದೇ ಸಾಲು ಬರೆಯಿರಿ: ಜಾನ್, ಹೆಸರು ಮರೆಸಿಕೊಂಡು ಬಂದ ಅಮೆರಿಕದ ಸಿನಿಮಾ ನಟ. ಆಂಡರ್ಸ್, ಸ್ವೀಡನ್ನಿನವನು, ಅಪ್ಪನ ಲೆಕ್ಕಪತ್ರದ ಸಂಸ್ಥೆ ಕಾಯುತ್ತಿದೆ, ಮನಸ್ಸು ಸಂಗೀತದಲ್ಲಿದೆ. ವಾಲ್ ದಂಪತಿ, ಸ್ಪರ್ಧೆಯಲ್ಲಿ ಮೊದಲ ಬಹುಮಾನವಾದ ಪ್ಯಾರಿಸ್ ಪ್ರವಾಸ ತಪ್ಪಿ ಎರಡನೆಯದಕ್ಕೆ ಇಲ್ಲಿಗೆ ಬಂದವರು. ಚಿಕಿಯ ಮನೆಯವರು, ಊರಿನವರು, ಅತಿಥಿಗಳ ಹಳೆಯ ಸ್ನೇಹಿತರು, ಇವರನ್ನೆಲ್ಲ ಚೀಟಿಗೆ ಸೇರಿಸಬೇಡಿ. ಅವರಲ್ಲಿ ಬಹುಪಾಲು ಜನ ಆ ಅಧ್ಯಾಯ ದಾಟಿ ಬರುವುದಿಲ್ಲ.

ಮರುಓದು:
ಕಟ್ಟಿನ ಬಗ್ಗೆ ಕಿಟಕಿಪಕ್ಕ ಹೇಳಿದ್ದು ಸರಿ. ಆದರೆ ಆ ಕಟ್ಟು ಎಲ್ಲ ಕಡೆಯೂ ಒಂದೇ ಸಮ ಕೆಲಸ ಮಾಡುವುದಿಲ್ಲ, ಅದನ್ನೂ ಹೇಳಬೇಕು. ಹಿನ್ನೆಲೆಗೇ ಅಷ್ಟೊಂದು ಪುಟ ಕೊಟ್ಟ ಮೇಲೆ ಪರಿಹಾರಕ್ಕೆ ಜಾಗ ಉಳಿಯುವುದಿಲ್ಲ. ಬಂಡೆಗಳ ಮೇಲೆ ಒಂದು ನಡಿಗೆ, ಒಂದು ರಾತ್ರಿಯ ಊಟ, ಯಾರೋ ಆಡಿದ ಒಂದು ಮಾತು, ಅಷ್ಟಕ್ಕೇ ವರ್ಷಗಳ ಕಗ್ಗಂಟು ಸಡಿಲಾಗುತ್ತದೆ. ಓದುಗರು ‘ತುಂಬಾ ಸುಲಭವಾಯಿತು’ ಅನ್ನುವುದು ಇದಕ್ಕೇ.

ವಿನ್ನಿಯ ಅಧ್ಯಾಯಕ್ಕೆ ಈ ದೋಷ ತಟ್ಟಿಲ್ಲ. ಗೆಳೆಯ ಟೆಡ್ಡಿಯ ಜೊತೆ ಅಂದುಕೊಂಡ ಪ್ರವಾಸಕ್ಕೆ ಅವಳು ಅವನ ತಾಯಿ ಲಿಲಿಯನ್ ಜೊತೆ ಬರಬೇಕಾಗುತ್ತದೆ. ಅಂದರೆ ಸಮಸ್ಯೆ ಊರಲ್ಲಿ ಉಳಿದಿಲ್ಲ, ಪಕ್ಕದಲ್ಲೇ ಕೂತು ಊಟ ಮಾಡುತ್ತಿದೆ. ಜಗಳ ಹುಟ್ಟುವುದೂ ಬಗೆಹರಿಯುವುದೂ ಅಲ್ಲೇ, ಕಡಲ ಕೈಯಲ್ಲಿ. ಉಳಿದವರ ಕಷ್ಟವನ್ನು ನಾವು ನೆನಪಾಗಿ ಓದುತ್ತೇವೆ, ಇವರದನ್ನು ಕಣ್ಣೆದುರು ನೋಡುತ್ತೇವೆ. ಬಿಡಬೇಕೋ ಬೇಡವೋ ಎಂಬ ತೀರ್ಮಾನಕ್ಕೆ ಇದೇ ಸರಿಯಾದ ಅಳತೆಗೋಲು. ವಿನ್ನಿ ಮುಗಿದ ಮೇಲೂ ಹಿಡಿಸದಿದ್ದರೆ ಮುಂದಿನದು ಹಿಡಿಸುವುದು ಕಷ್ಟ.

ಕೊನೆಯ ಅಧ್ಯಾಯ ಫ್ರೀಡಾಳದು. ಅವಳಿಗೆ ಮುಂದಾಗುವುದು ಕಾಣುತ್ತದೆ. ಅಲ್ಲಿಯವರೆಗೆ ಸೋರುವ ಛಾವಣಿ, ಬ್ಯಾಂಕು, ಅಡುಗೆಮನೆ ಅಂತ ನೆಲದ ಮೇಲೇ ನಡೆದ ಕಥೆಗೆ ಇದು ಬೇರೆಯದೇ ಸ್ವರ. ಸಿದ್ಧರಾಗಿ ಹೋಗಿ.

ಪುಟಗುರುತು:
ಚೀಟಿಯ ಉಪಾಯ ಒಳ್ಳೆಯದು, ಧನ್ಯವಾದ. ಇನ್ನೊಂದು ಗೊಂದಲ ಚಿಕಿಯ ಸುಳ್ಳಿನದು. ನ್ಯೂಯಾರ್ಕಿನಲ್ಲಿ ಪ್ರಿಯಕರ ವಾಲ್ಟರ್ ಬಿಟ್ಟುಹೋದರೂ ಅವನ ಜೊತೆ ಮದುವೆಯಾಗಿದೆ ಅಂತ ಮನೆಗೆ ಬರೆಯುತ್ತಾಳೆ, ಆಮೇಲೆ ಕಾರು ಅಪಘಾತದಲ್ಲಿ ಸತ್ತ ಅನ್ನುತ್ತಾಳೆ. ಇಷ್ಟು ದೊಡ್ಡ ಸುಳ್ಳು ಹೇಳಿದವಳನ್ನು ಎಲ್ಲರನ್ನೂ ಸಂತೈಸುವವಳಾಗಿ ಒಪ್ಪುವುದು ಹೇಗೆ?

ಮೂರನೆ ಕೋಣೆ:
ಆ ಸುಳ್ಳು ಇಲ್ಲದಿದ್ದರೆ ಚಿಕಿ ಬರೀ ಒಳ್ಳೆಯವಳಾಗಿ ಉಳಿದುಬಿಡುತ್ತಿದ್ದಳು, ಅಂಥವರಿಗೆ ಕಾದಂಬರಿ ನಡೆಸುವ ಶಕ್ತಿ ಇರುವುದಿಲ್ಲ. ಊರಿನ ಬಾಯಿಗೆ ಹೆದರಿ ಹೇಳಿದ ಸುಳ್ಳು ಅದು. ನ್ಯೂಯಾರ್ಕಿನಲ್ಲಿ ಮಿಸೆಸ್ ಕ್ಯಾಸಿಡಿಯವರ ವಸತಿಗೃಹದಲ್ಲಿ ದುಡಿದು, ಕೂಡಿಟ್ಟು, ‘ವಿಧವೆ’ಯಾಗಿ ಮರಳುತ್ತಾಳೆ. ಯಾರ ಗುಟ್ಟನ್ನೂ ಅವಳು ಕೆದಕದೇ ಇರುವುದಕ್ಕೆ ಕಾರಣ ಅವಳದೇ ಗುಟ್ಟು. ಹೋಟೆಲಿನಲ್ಲಿ ಅವಳು ಹೇಗೆ ನಡೆದುಕೊಳ್ಳುತ್ತಾಳೆ ನೋಡಿ: ಊಟಕ್ಕೆ ಕೂರಿಸುತ್ತಾಳೆ, ದಾರಿ ತೋರಿಸುತ್ತಾಳೆ, ಪ್ರಶ್ನೆ ಕೇಳುವುದು ಕಡಿಮೆ.

ನಿವೃತ್ತ ಮುಖ್ಯೋಪಾಧ್ಯಾಯಿನಿ ಮಿಸ್ ನೆಲ್ ಹೋವ್ ಅಧ್ಯಾಯವನ್ನು ಮಾತ್ರ ಬಿಡಬೇಡಿ. ‘ಕಹಿ ಹೆಂಗಸು, ಆರಾಮದ ಓದನ್ನು ಕೆಡಿಸಿದಳು’ ಎಂಬ ದೂರು ಕೇಳಿಬರುತ್ತದೆ. ನನ್ನ ಮಟ್ಟಿಗೆ ಇಡೀ ಪುಸ್ತಕ ನಂಬಿಕೆಗೆ ಅರ್ಹವಾಗುವುದೇ ಅವಳಿಂದ. ಅದೇ ಕಡಲು, ಅದೇ ಊಟ, ಅದೇ ಚಿಕಿ, ಆದರೂ ಅವಳು ಕರಗುವುದಿಲ್ಲ. ಜಾಗವೇ ಎಲ್ಲರನ್ನೂ ಸರಿಮಾಡುತ್ತದೆ ಎಂದಿದ್ದರೆ ಅದು ಪ್ರವಾಸದ ಜಾಹೀರಾತಾಗುತ್ತಿತ್ತು.

ಕಿಟಕಿಪಕ್ಕ:
ನೆಲ್ ಬಗ್ಗೆ ಪೂರ್ತಿ ಒಪ್ಪಿಗೆ. ಅವಳ ಅಧ್ಯಾಯ ವಾಲ್ ದಂಪತಿಯ ನಗುವಿನ ಬೆನ್ನಿಗೇ ಬರುತ್ತದೆ. ಎರಡನ್ನೂ ಒಂದೇ ದಿನ ಓದಿದರೆ ಆ ತಣ್ಣನೆ ಹೊಡೆತ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ.

ಈ ಬಗೆಯ ಕಟ್ಟು ನಿಮಗೆ ಒಗ್ಗುತ್ತದೋ ಇಲ್ಲವೋ ಅನ್ನುವುದಕ್ಕೆ ಬಿಂಚಿಯವರದೇ ‘ದ ಲೈಲಾಕ್ ಬಸ್’ (1984) ಮೊದಲು ನೋಡಬಹುದು. ಶುಕ್ರವಾರ ಡಬ್ಲಿನ್‌ನಿಂದ ಊರಿಗೆ ಹೊರಡುವ ಒಂದು ಪುಟ್ಟ ಬಸ್ಸು, ಒಬ್ಬೊಬ್ಬರಿಗೆ ಒಂದೊಂದು ಅಧ್ಯಾಯ, ವಾರಾಂತ್ಯದಷ್ಟೇ ಕಾಲ. ಪುಟವೂ ಕಡಿಮೆ. ಎಳೆಗಳು ನಿಜಕ್ಕೂ ಹೆಣೆದುಕೊಳ್ಳಬೇಕು, ಒಬ್ಬ ಅತಿಥಿಯ ನಡೆ ಇನ್ನೊಬ್ಬನ ಹಣೆಬರಹ ಬದಲಿಸಬೇಕು ಅನ್ನುವುದಾದರೆ ವಿಕಿ ಬಾಮ್ ಅವರ ‘ಗ್ರ್ಯಾಂಡ್ ಹೋಟೆಲ್’ಗೆ ಹೋಗಿ, ಜರ್ಮನ್ ಮೂಲ 1929ರದು. ಅಲ್ಲಿ ಬೆಚ್ಚಗಿನದು ಕಡಿಮೆ. ಮಲಗುವ ಮುನ್ನ ಓದಲು ಬೇಕಿದ್ದರೆ ಸ್ಟೋನ್ ಹೌಸಿನಲ್ಲೇ ಇರಿ.