20000 ಎಂಎಎಚ್ ಪವರ್ ಬ್ಯಾಂಕು, 5000ದ ಫೋನು ಮೂರು ಸಲವೂ ತುಂಬ್ತಿಲ್ಲ. ಡೂಪ್ಲಿಕೇಟಾ?

ಮಲ್ಲೇಶ್ವರದವ:
ಎಸ್.ಪಿ. ರೋಡಲ್ಲಿ ತಗೊಂಡ ಪವರ್ ಬ್ಯಾಂಕು, 20000 ಎಂಎಎಚ್. ಫೋನು ಸ್ಯಾಮ್‌ಸಂಗ್, ಬ್ಯಾಟರಿ 5000. ನಾಲ್ಕು ಸಲ ಫುಲ್ ಆಗ್ಬೇಕಲ್ವಾ? ಎರಡೂಮುಕ್ಕಾಲಕ್ಕೇ ಖಾಲಿ. ಗೋಡೆ ಚಾರ್ಜರಿಗೆ ಹಾಕಿದ್ರೆ ‘ಸೂಪರ್ ಫಾಸ್ಟ್’ ಅನ್ನುತ್ತೆ, ಇದಕ್ಕೆ ಹಾಕಿದ್ರೆ ಬರೀ ‘ಚಾರ್ಜಿಂಗ್’. ಬಾಕ್ಸ್ ಮೇಲೆ 22.5 ವ್ಯಾಟ್ ಅಂತ ದೊಡ್ಡದಾಗಿ ಬರೆದಿದೆ. ವಾಪಸ್ ಕೊಡ್ಲಾ?

ಸರ್ಕೀಟು:
ಎರಡೂಮುಕ್ಕಾಲು ಬಂದ್ರೆ ಮಾಲು ಚೆನ್ನಾಗೇ ಇದೆ. ಎಂಎಎಚ್ ಬಿಡಿ, ವ್ಯಾಟ್-ಅವರ್‌ನಲ್ಲಿ (ಎಂಎಎಚ್ ಅನ್ನ ವೋಲ್ಟಿನಿಂದ ಗುಣಿಸಿ ಸಾವಿರದಿಂದ ಭಾಗಿಸಿದ್ರೆ ಸಿಗೋ ಒಟ್ಟು ಶಕ್ತಿ) ಲೆಕ್ಕ ಹಾಕಿ. 20000 ಅನ್ನೋದು ಒಳಗಿನ ಸೆಲ್‌ಗಳ ಲೆಕ್ಕ, 3.7 ವೋಲ್ಟಿನಲ್ಲಿ. ಅಂದ್ರೆ 74 ವ್ಯಾಟ್-ಅವರ್. ಅದನ್ನ 5 ಅಥವಾ 9 ವೋಲ್ಟಿಗೆ ಏರಿಸೋವಾಗ ಬೋರ್ಡು ಸುಮಾರು 15% ಬಿಸಿಯಾಗಿ ಕಳೆಯುತ್ತೆ, ಹೊರಗೆ ಸಿಗೋದು 63ರ ಆಸುಪಾಸು. ಫೋನಿನ ಬ್ಯಾಟರಿ 19 ವ್ಯಾಟ್-ಅವರ್, ಆದರೆ ಅದರ ಚಾರ್ಜಿಂಗ್ ಸರ್ಕೀಟೂ ಒಂದಿಷ್ಟು ತಿನ್ನೋದ್ರಿಂದ ತುಂಬೋಕೆ 22 ಬೇಕು. 63 ಭಾಗಿಸು 22, ನಿಮಗೆ ಸಿಕ್ಕಷ್ಟೇ. ಹಾಕಿಟ್ಟೇ ರೀಲ್ಸ್ ನೋಡ್ತಿದ್ರೆ ಇನ್ನೂ ಕಡಿಮೆ.

ಹಿಂಬದಿ ಸಣ್ಣಕ್ಷರದಲ್ಲಿ ‘ರೇಟೆಡ್ ಕೆಪ್ಯಾಸಿಟಿ’ ಅಂತ ಇರುತ್ತೆ ನೋಡಿ, 5 ವೋಲ್ಟಿಗೆ 12000 ಅಂತೇನೋ. ನಿಜವಾದ ಅಂಕಿ ಅದು.

ಅನುಮಾನ ಹೋಗದಿದ್ರೆ ಪ್ಯಾಕಿಗೂ ಫೋನಿಗೂ ಮಧ್ಯೆ ಯುಎಸ್‌ಬಿ ಮೀಟರು (ಹರಿದ ಕರೆಂಟು ಅಳೆಯೋ ಪುಟ್ಟ ಸಾಧನ) ಹಾಕಿ, ಫುಲ್‌ನಿಂದ ಪೂರ್ತಿ ಖಾಲಿ ಆಗೋವರೆಗೂ ಓಡಿಸಿ. ಮೀಟರಿನಲ್ಲೂ ವ್ಯಾಟ್-ಅವರ್ರೇ ಓದಿ. 60ರ ಹತ್ರ ಬಂದ್ರೆ ಸರಿ, 50ಕ್ಕೂ ಕೆಳಗೆ ನಿಂತ್ರೆ ಅಂಗಡಿಗೆ ಹೋಗಿ. ಮೀಟರಿಲ್ಲಾಂದ್ರೆ ಅಡುಗೆಮನೆ ತಕ್ಕಡಿ ಸಾಕು: 20000ದ ಪ್ಯಾಕು ತೀರಾ ಹಗುರ ಇದ್ರೆ ಒಳಗೆ ಅಷ್ಟು ಸೆಲ್ ಇರೋದು ಅನುಮಾನ.

ಟೈಪ್‌ಸಿ_ತಿಮ್ಮ:
ಸ್ಪೀಡಿನ ವಿಷಯ ಬೇರೆ. 22.5 ವ್ಯಾಟ್ ಅನ್ನೋದು ಸಾಮಾನ್ಯವಾಗಿ ಹುವಾವೇಯ ಪ್ರೊಟೊಕಾಲಿನ ಅಂಕಿ, ಸ್ಯಾಮ್‌ಸಂಗಿಗೆ ಪ್ರಯೋಜನವಿಲ್ಲ. 25 ವ್ಯಾಟಿನ ‘ಸೂಪರ್ ಫಾಸ್ಟ್’ ಬರಬೇಕಾದ್ರೆ ಪಿಪಿಎಸ್ (ಫೋನು ಕೇಳಿದಂತೆ ವೋಲ್ಟೇಜನ್ನ ಸ್ವಲ್ಪ ಸ್ವಲ್ಪವೇ ಹೊಂದಿಸೋ ವ್ಯವಸ್ಥೆ) ಇರಲೇಬೇಕು. ಲೇಬಲ್ಲಿನಲ್ಲಿ 3.3–11 ವೋಲ್ಟ್ ಅಂತ ರೇಂಜ್ ಕೊಟ್ಟಿದ್ರೆ ಅದೇ. ಇಲ್ಲದಿದ್ರೆ ಆ ಆಸೆ ಬಿಡಿ.

ಆದ್ರೂ 9 ವೋಲ್ಟಿನ ಸಾದಾ ‘ಫಾಸ್ಟ್’ ಬರಬೇಕಿತ್ತು. ಬರ್ತಿಲ್ಲ ಅಂದ್ರೆ 5 ವೋಲ್ಟಿನಲ್ಲೇ ಸಿಕ್ಕಿಕೊಂಡಿದೆ. ಇನ್ನೊಂದು ಪೋರ್ಟಿನಲ್ಲಿ ಇಯರ್‌ಬಡ್ಸ್ ಏನಾದ್ರೂ ಹಾಕಿದೀರಾ? ಎರಡು ಪೋರ್ಟೂ ಒಟ್ಟಿಗೆ ನಡೆದ್ರೆ ಬಹಳಷ್ಟು ಪ್ಯಾಕುಗಳು 5 ವೋಲ್ಟಿಗೆ ಇಳಿಯುತ್ತವೆ. ಎರಡನೇದು ಕೇಬಲ್ಲು. ಟೈಪ್-ಸಿ ಪೋರ್ಟಿಂದ ಸಿ-ಟು-ಸಿ ಕೇಬಲ್ಲೇ ಹಾಕಿ, ಎ-ಟು-ಸಿಯಲ್ಲಿ ಪಿಡಿ (ಟೈಪ್-ಸಿಯ ಫಾಸ್ಟ್ ಚಾರ್ಜಿಂಗ್ ಪದ್ಧತಿ) ನಡೆಯಲ್ಲ. ಫುಟ್‌ಪಾತಿನ ಎ-ಟು-ಸಿ ಕೇಬಲ್ಲುಗಳಲ್ಲಿ ಕೆಲವಕ್ಕೆ ಡೇಟಾ ತಂತಿಯೇ ಇರಲ್ಲ, ಫೋನು-ಪ್ಯಾಕು ಮಾತಾಡಿಕೊಳ್ಳೋದೇ ಇಲ್ಲ. ತಂತಿ ತೆಳು ಬೇರೆ (ಗೇಜಿನ ಅಂಕಿ ದೊಡ್ಡದಾದಷ್ಟೂ ತೆಳು): 28 ಗೇಜಿನ ಒಂದು ಮೀಟರಿನಲ್ಲಿ 2 ಆಂಪ್ ಹರಿದ್ರೆ ಹೋಗಿಬರೋ ದಾರಿಯಲ್ಲೇ 0.8 ವೋಲ್ಟು ಖೋತಾ. 24 ಗೇಜಾದ್ರೆ 0.3 ಅಷ್ಟೇ.

ಮಲ್ಲೇಶ್ವರದವ:
ಎ-ಟು-ಸಿ ಕೇಬಲ್ಲೇ ಹಾಕಿದ್ದು! ಸಿ-ಟು-ಸಿ ಹಾಕಿದ್ಮೇಲೆ ‘ಫಾಸ್ಟ್’ ಬಂತು. ಕರೆಂಟು ಹೋದಾಗ ವೈಫೈ ರೂಟರಿಗೂ ಇದನ್ನೇ ಹಾಕಬಹುದಾ? ಅಡಾಪ್ಟರ್ ಮೇಲೆ 12 ವೋಲ್ಟ್ 1 ಆಂಪ್ ಅಂತಿದೆ.

ಸರ್ಕೀಟು:
ಟೈಪ್-ಸಿ ಔಟ್‌ಪುಟ್ಟಿನಲ್ಲಿ 12 ವೋಲ್ಟ್ ಬರೆದಿದ್ರೆ ಮಾತ್ರ. ಪಿಡಿಯಲ್ಲಿ ಅದು ಕಡ್ಡಾಯ ಅಲ್ಲ. ಇದ್ರೆ 12 ವೋಲ್ಟಿನ ಟ್ರಿಗರ್ ಕೇಬಲ್ (ಪ್ಯಾಕಿನಿಂದ 12 ವೋಲ್ಟ್ ಕೇಳಿ ಪಡೆಯೋ ಕೇಬಲ್ಲು) ಸಿಗುತ್ತೆ, ಪಿನ್ನು 5.5 ಮಿಮೀದಾ ಅಂತ ನೋಡಿ ತಗೊಳ್ಳಿ. ಇಲ್ಲದಿದ್ರೆ ಕೇಬಲ್ಲು 9 ವೋಲ್ಟ್ ಕೊಡಬಹುದು, ರೂಟರು ಆನ್ ಆಗಿ ಆಫ್ ಆಗಿ ಒದ್ದಾಡುತ್ತೆ. ರೂಟರು 7 ವ್ಯಾಟ್ ಎಳೀತಿದ್ರೆ ಎಂಟೊಂಬತ್ತು ಗಂಟೆ ಬರುತ್ತೆ. ಫೈಬರ್ ಬಾಕ್ಸಿಗೆ ಬೇರೆ ಅಡಾಪ್ಟರ್ ಇದ್ರೆ ಅದಕ್ಕೂ ಪವರ್ ಬೇಕು, ಮರೀಬೇಡಿ.

ಆದರೆ ಗೋಡೆಗೂ ರೂಟರಿಗೂ ಮಧ್ಯೆ ಸದಾ ಸಿಕ್ಕಿಸಿ ಇಡೋ ಯೋಚನೆ ಬೇಡ. ಕರೆಂಟು ಹೋದ ಕ್ಷಣ ಎಷ್ಟೋ ಪ್ಯಾಕುಗಳ ಔಟ್‌ಪುಟ್ ಒಮ್ಮೆ ಕಟ್ಟಾಗಿ ಬರುತ್ತೆ, ರೂಟರು ರೀಸ್ಟಾರ್ಟ್. ಜೊತೆಗೆ ಸೆಲ್ಲು ಯಾವಾಗ್ಲೂ ಫುಲ್ಲಲ್ಲಿ, ಬೆಚ್ಚಗೆ ಕೂತು ಬೇಗ ಊದಿಕೊಳ್ಳುತ್ತೆ. ಆ ಕೆಲಸಕ್ಕೆ 12 ವೋಲ್ಟಿನ ಮಿನಿ ಯುಪಿಎಸ್ಸೇ ಸರಿ.

ಟೈಪ್‌ಸಿ_ತಿಮ್ಮ:
ಏರ್‌ಪೋರ್ಟಿಗೆ ಒಯ್ಯೋದಾದ್ರೆ ಹ್ಯಾಂಡ್‌ಬ್ಯಾಗಲ್ಲೇ ಇಡಿ, ಚೆಕ್-ಇನ್ ಲಗೇಜಿಗೆ ಹಾಕೋ ಹಾಗಿಲ್ಲ. 100 ವ್ಯಾಟ್-ಅವರ್‌ವರೆಗೆ ಬಿಡ್ತಾರೆ, ನಿಮ್ಮದು 74. ಲೇಬಲ್ಲಿನ ಅಕ್ಷರ ಅಳಿಸಿದ್ರೆ ತಕರಾರು ಬರುತ್ತೆ, ಈಗಲೇ ಅದರ ಮೇಲೊಂದು ಸೆಲ್ಲೋಟೇಪ್ ಅಂಟಿಸಿಬಿಡಿ.