ಸಹಾಯ ಬೇಕು: ರಜೆಗೆ ಎಷ್ಟು ಗುರಿ ಇಟ್ಟುಕೊಳ್ಳಲಿ?

ಶಿಕ್ಷಕ ಮಿತ್ರರೇ, ಕಳೆದ ಬೇಸಿಗೆ ರಜೆಗೆಂದು ಡೈರಿಯ ಕೊನೆಯ ಪುಟದಲ್ಲಿ 11 ಗುರಿಗಳನ್ನು ಬರೆದಿದ್ದೆ. ಮೊನ್ನೆ ತೆರೆದು ನೋಡಿದರೆ ಗುರುತು ಬಿದ್ದಿರುವುದು ಒಂದಕ್ಕೇ, ಅದೂ ‘ಚೆನ್ನಾಗಿ ನಿದ್ದೆ ಮಾಡುವುದು’! ಮಕ್ಕಳ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ‘ಅಪೂರ್ಣ’ ಎಂದು ಬರೆಯುವ ಕೈ ಇದೇ.

ಮೊದಲ ವಾರ ಮೌಲ್ಯಮಾಪನದ ದಣಿವಿನಲ್ಲೇ ಕಳೆಯುತ್ತದೆ, ಕೊನೆಯ ವಾರವನ್ನು ಪಾಠಯೋಜನೆ ನುಂಗುತ್ತದೆ. ನಡುವಿನ ದಿನಗಳಿಗೆ ಈ ಸಲ ಎರಡೇ ಗುರಿ: ಬೆಳಗಿನ ನಡಿಗೆ ಮತ್ತು ಈಜು. ‘ಈಜು ಕಲಿಯುತ್ತೇನೆ’ ಎನ್ನುವುದಕ್ಕಿಂತ ‘ವಾರಕ್ಕೆ 3 ದಿನ ನೀರಿಗಿಳಿಯುತ್ತೇನೆ’ ಎಂದು ಬರೆದರೆ ಲೆಕ್ಕ ಸಿಗುತ್ತದೆ, ಅಲ್ಲವೇ? ಶಾಲೆಯ ಕೆಲಸವನ್ನು ಪಟ್ಟಿಗೆ ಸೇರಿಸಲೇಬಾರದೇ? ಗಂಟೆ ಬಾರಿಸುವವರಿಲ್ಲದ ದಿನಗಳಲ್ಲಿ ಹಿಡಿದ ಕೆಲಸವನ್ನು ನೀವು ಹೇಗೆ ಮುಂದುವರಿಸುತ್ತೀರಿ? ದಯವಿಟ್ಟು ತಿಳಿಸಿ. ಪಟ್ಟಿಯನ್ನು ಇನ್ನೂ ಪೆನ್ಸಿಲಿನಲ್ಲೇ ಬರೆದಿದ್ದೇನೆ.